ಎತ್ತಿ ಕಳಿಸುವ ಪೆಟ್ಟಿಗೆ: ಮೈಕಿನ ಮೊದಲ ಮೆಟ್ಟಿಲಿನ ಕಥೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಧ್ವನಿವರ್ಧಕ ಕಟ್ಟಲು ಬೇರೆ ಕಂಬ ಹುಡುಕಬೇಕಾಗಿಲ್ಲ. ತೆಂಗಿನ ಮರಗಳೇ ಕಂಬ. ಜಾತ್ರೆಯಿರಲಿ, ಗಣಪತಿ ಉತ್ಸವವಿರಲಿ, ಮದುವೆ ಮನೆಯಿರಲಿ, ಮರದ ಅರ್ಧ ಎತ್ತರಕ್ಕೆ ಹಾರ್ನ್ ಕಟ್ಟಿ ತಂತಿ ಎಳೆದರೆ ಪಕ್ಕದ ಊರಿಗೂ ಸುದ್ದಿ ಮುಟ್ಟುತ್ತದೆ. ಹಾಗಾಗಿ ‘ಮೈಕ್’ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಆ ಹಾರ್ನ್. ಸ್ವಲ್ಪ ತಿಳಿದವರಿಗೆ ಭಾಷಣಕಾರನ ಮುಂದಿನ ಕಡ್ಡಿ. ಇವೆರಡರ ನಡುವೆ ವೇದಿಕೆಯ ಮೂಲೆಯಲ್ಲಿ ಬೆಂಚಿನ ಮೇಲೆ ಕೂತಿರುವ, ನಾಲ್ಕಾರು ಗುಂಡಿಗಳ ಪೆಟ್ಟಿಗೆಯನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಅದು ಕೆಟ್ಟು ‘ಗುಂಯ್’ ಎಂದಾಗಷ್ಟೇ ಎಲ್ಲರ ತಲೆ ಅತ್ತ ತಿರುಗುತ್ತದೆ.

ಈ ಪೆಟ್ಟಿಗೆಯ ಮೊದಲ ಮೆಟ್ಟಿಲಿಗೆ ‘ಪ್ರೀಆಂಪ್ಲಿಫೈಯರ್’ ಎಂದು ಹೆಸರು. ಮೈಕ್ ಸೆಟ್‌ನವರ ಬಾಯಲ್ಲಿ ಅದು ಬರಿಯ ‘ಗೇನ್’. ಅದರ ಅಗತ್ಯವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಸಾಮಾನ್ಯ ಮೈಕನ್ನು ಬಾಯಿಗೆ ಹತ್ತಿರ ಹಿಡಿದು ಗಟ್ಟಿಯಾಗಿ ಮಾತನಾಡಿದರೆ ಅದರಿಂದ ಹುಟ್ಟುವ ವಿದ್ಯುತ್ತು ಒಂದೆರಡು ಮಿಲಿವೋಲ್ಟ್. ಟಾರ್ಚಿನ ಒಂದು ಸೆಲ್ಲಿನ ಒಂದೂವರೆ ವೋಲ್ಟಿನಲ್ಲಿ ಸುಮಾರು ಸಾವಿರದ ಒಂದು ಪಾಲು. ಈ ಹನಿಯನ್ನು ಸಾವಿರ ಪಟ್ಟು ಹೆಚ್ಚಿಸಿದ ಮೇಲಷ್ಟೇ ಮುಂದಿನ ಯಂತ್ರಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಹೆಚ್ಚಿಸುವಾಗ ಧ್ವನಿಯ ಜೊತೆ ಕಸ ಸೇರಿದರೆ ಕಸವೂ ಸಾವಿರ ಪಟ್ಟಾಗುತ್ತದೆ. ಮುಂದೆ ಎಷ್ಟು ಬೆಲೆಯ ಯಂತ್ರ ಕೂರಿಸಿದರೂ ಆ ಕಸವನ್ನು ಪೂರ್ತಿ ಆರಿಸಿ ತೆಗೆಯಲಾಗದು. ಅಟ್ಟದಲ್ಲೇ ಕೆಟ್ಟ ಉಂಡೆ ಕೊಬ್ಬರಿಯನ್ನು ಹರಾಜು ಕಟ್ಟೆಯಲ್ಲಿ ಒಳ್ಳೆಯದು ಮಾಡಲು ಹೇಗೆ ಬರುವುದಿಲ್ಲವೋ ಹಾಗೆ.

ಆದ್ದರಿಂದ ಮೈಕಿನ ನೂರೈವತ್ತು ವರ್ಷಗಳ ಚರಿತ್ರೆಯನ್ನು ಒಂದೇ ಪ್ರಶ್ನೆಯ ಸುತ್ತ ಹೇಳಬಹುದು: ಧ್ವನಿಯನ್ನು ಮೊದಲ ಸಲ ಎತ್ತುವುದು ಎಲ್ಲಿ, ಮತ್ತು ಎತ್ತುವವರು ಯಾರು?

ಗಂಟಲೇ ಯಂತ್ರವಾಗಿದ್ದ ಕಾಲ

ಯಂತ್ರವಿಲ್ಲದ ಕಾಲದಲ್ಲಿ ಈ ಎತ್ತುವ ಕೆಲಸವನ್ನು ಗಂಟಲೇ ಮಾಡಬೇಕಿತ್ತು. ತುಮಕೂರು ಜಿಲ್ಲೆ ಮೂಡಲಪಾಯ ಯಕ್ಷಗಾನದ ತವರುಗಳಲ್ಲಿ ಒಂದು. ಊರ ಹೊರಗಿನ ಬಯಲಿನಲ್ಲಿ, ದೀಪದ ಬೆಳಕಿನಲ್ಲಿ, ಬೆಳ್ಳಿ ಮೂಡುವವರೆಗೆ ನಡೆಯುವ ಆಟ ಅದು. ಭಾಗವತ ಏರು ಶ್ರುತಿಯಲ್ಲಿ ಹಾಡುತ್ತಿದ್ದದ್ದು, ಮುಖವೀಣೆಯಂಥ ಕಿರಿದಾದರೂ ತೀಕ್ಷ್ಣವಾದ ವಾದ್ಯ ಜೊತೆಗಿದ್ದದ್ದು ಬರಿಯ ಸಂಪ್ರದಾಯದ ಮಾತಲ್ಲ. ಕೊನೆಯ ಸಾಲಿನಲ್ಲಿ ಕಂಬಳಿ ಹೊದ್ದು ಕೂತವನಿಗೆ ಕೇಳಬೇಕೆಂದರೆ ಬೇರೆ ದಾರಿಯಿರಲಿಲ್ಲ. ಮನುಷ್ಯನ ಕಿವಿ ತಗ್ಗು ಸ್ವರಕ್ಕಿಂತ ಮೇಲು ಸ್ವರವನ್ನು ಬೇಗ ಹಿಡಿಯುತ್ತದೆ ಎಂಬುದನ್ನು ಪ್ರಯೋಗಶಾಲೆಗಳಿಗಿಂತ ಮೊದಲೇ ನಮ್ಮ ಭಾಗವತರು ಅನುಭವದಿಂದ ಕಂಡುಕೊಂಡಿದ್ದರು ಎನ್ನಬಹುದು.

ತಿಪಟೂರಿನಿಂದ ತುಮಕೂರಿಗೆ ಹೋಗುವ ದಾರಿಯಲ್ಲೇ ಗುಬ್ಬಿ ಸಿಗುತ್ತದೆ. 1884ರಲ್ಲಿ ಅಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ವೀರಣ್ಣನವರ ಕೈಗೆ ಬಂದ ಮೇಲೆ ನಾಡಿನ ಅತಿ ದೊಡ್ಡ ನಾಟಕ ಕಂಪನಿಯಾಗಿ ಬೆಳೆಯಿತು. ‘ಕುರುಕ್ಷೇತ್ರ’ ನಾಟಕಕ್ಕೆ ಆನೆ, ಕುದುರೆಗಳನ್ನು ರಂಗಕ್ಕೆ ತಂದದ್ದನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಆದರೆ ಆ ಕಂಪನಿಯ ನಿಜವಾದ ಬಂಡವಾಳ ನಟರ ಕಂಠ. ಸಾವಿರ ಜನರ ಟೆಂಟಿನಲ್ಲಿ, ಮಕ್ಕಳ ಅಳು, ಕಡಲೆಕಾಯಿ ಮಾರುವವರ ಕೂಗಿನ ನಡುವೆ, ಕಂದಪದ್ಯದ ಒಂದೊಂದು ಅಕ್ಷರವೂ ಹಿಂದಿನ ಗೋಡೆ ಮುಟ್ಟಬೇಕು. ನಟನಾಗಲು ಬಂದ ಹುಡುಗನಿಗೆ ಮೊದಲ ಪರೀಕ್ಷೆ ಕಂಠದ್ದೇ.

ತಿಪಟೂರಿನಲ್ಲೇ 1923ರಲ್ಲಿ ಹುಟ್ಟಿದ ಹಾಸ್ಯನಟ ನರಸಿಂಹರಾಜು ಈ ಪಾಠಶಾಲೆಯಲ್ಲೇ ತಯಾರಾದವರು. ಬಾಲಕನಾಗಿದ್ದಾಗಲೇ ನಾಟಕ ಕಂಪನಿ ಸೇರಿ, 1954ರ ‘ಬೇಡರ ಕಣ್ಣಪ್ಪ’ದ ಮೂಲಕ ಚಲನಚಿತ್ರಕ್ಕೆ ಬಂದರು. ಅವರ ಮಾತಿನ ಸ್ಪಷ್ಟತೆಯನ್ನು ಮೆಚ್ಚದವರಿಲ್ಲ. ಆ ಸ್ಪಷ್ಟತೆಯ ಬೇರು ಮೈಕಿಲ್ಲದ ರಂಗದಲ್ಲಿದೆ.

ಇದನ್ನೆಲ್ಲ ಹೊಗಳುವಾಗ ಒಂದು ಮಾತನ್ನು ನಾವು ಮರೆಯುತ್ತೇವೆ. ಗಂಟಲು ದೊಡ್ಡದಿಲ್ಲದವರು ಏನಾದರು? ಮೆಲುದನಿಯಲ್ಲಿ ಸೊಗಸಾಗಿ ಹಾಡುವವರು, ವಯಸ್ಸಾಗಿ ಉಸಿರು ಕುಗ್ಗಿದವರು, ಬೀಸುವ ಕಲ್ಲಿನ ಮುಂದೆ ತಮಗಷ್ಟೇ ಕೇಳುವಂತೆ ಹಾಡಿಕೊಂಡವರು, ಇವರಾರೂ ಬಯಲಿನ ರಂಗಕ್ಕೆ ಬರುವಂತಿರಲಿಲ್ಲ. ಹೆಣ್ಣುಮಕ್ಕಳನ್ನು ದೂರವಿಟ್ಟದ್ದಕ್ಕೆ ಕಾರಣ ಬೇರೆಯೇ ಇತ್ತು, ಅದು ಸಮಾಜದ ಕಟ್ಟುಪಾಡು; ಗುಬ್ಬಿ ಕಂಪನಿಯ ಬಿ. ಜಯಮ್ಮನಂಥವರು ಅದನ್ನು ದಾಟಿ ರಂಗದಲ್ಲಿ ನಿಂತರು. ಆದರೆ ನಿಂತ ಮೇಲೆ ಅವರೂ ಗಂಟಲಿನ ಪರೀಕ್ಷೆ ಗೆಲ್ಲಲೇಬೇಕಿತ್ತು.

ಇದ್ದಿಲಿನ ಪುಡಿ, ಗಾಜಿನ ಬುರುಡೆ

ಈ ಪರೀಕ್ಷೆಯಿಂದ ಬಿಡುಗಡೆ ಕೊಟ್ಟ ಯಂತ್ರ ಹುಟ್ಟಿದ್ದು ಟೆಲಿಫೋನಿನ ಮನೆಯಲ್ಲಿ. ಬೆಲ್‌ನ ಟೆಲಿಫೋನಿನಲ್ಲಿ ಧ್ವನಿ ಬಹಳ ಕ್ಷೀಣವಾಗಿತ್ತು. 1877ರಲ್ಲಿ ಎಡಿಸನ್ ಇಂಗಾಲವನ್ನು ಬಳಸಿ ಹೊಸ ಬಗೆಯ ಮೈಕ್ ಮಾಡಿದ. ಮರುವರ್ಷ ಇಂಗ್ಲೆಂಡಿನಲ್ಲಿ ಡೇವಿಡ್ ಹ್ಯೂಸ್ ಅದೇ ತತ್ವವನ್ನು ತೋರಿಸಿ ಅದಕ್ಕೆ ‘ಮೈಕ್ರೊಫೋನ್’ ಎಂಬ ಹೆಸರನ್ನೇ ಬಳಸಿದ. ಮುಂದೆ ಇಂಗಾಲದ ಹರಳುಗಳನ್ನು ಸಣ್ಣ ಬಟ್ಟಲಿನಲ್ಲಿ ತುಂಬಿ, ಬ್ಯಾಟರಿಯಿಂದ ಅದರೊಳಗೆ ವಿದ್ಯುತ್ ಹರಿಸುವ ಮಾದರಿ ರೂಢಿಗೆ ಬಂತು. ಮಾತಿನ ಒತ್ತಡಕ್ಕೆ ಹರಳುಗಳು ಅದುಮಿದಂತೆಲ್ಲ ವಿದ್ಯುತ್ತು ಏರಿಳಿಯುತ್ತದೆ. (ಅದು ಕಲ್ಲಿದ್ದಲಿನ ಇಂಗಾಲ. ನಮ್ಮ ತೆಂಗಿನ ಚಿಪ್ಪಿನ ಇದ್ದಿಲಿಗೆ ಹೆಸರು ಬಂದದ್ದು ಮೊದಲ ಮಹಾಯುದ್ಧದ ವಿಷಾನಿಲ ಮುಖವಾಡಗಳಿಂದ.) ಇಲ್ಲಿ ಗಮನಿಸಬೇಕಾದ ಸಂಗತಿ, ಈ ಮೈಕಿಗೆ ಪ್ರತ್ಯೇಕ ಆಂಪ್ಲಿಫೈಯರ್ ಬೇಕಿರಲಿಲ್ಲ. ಧ್ವನಿ ಬ್ಯಾಟರಿಯ ದೊಡ್ಡ ವಿದ್ಯುತ್ತನ್ನು ನಿಯಂತ್ರಿಸುವ ಕೀಲಿಯಷ್ಟೇ ಆಗಿತ್ತು. ಎತ್ತುವ ಕೆಲಸ ಗಂಟಲಿನಿಂದ ಮೈಕಿನ ಹೊಟ್ಟೆಗೆ ಬಂತು. ಜೊತೆಗೆ ಹರಳುಗಳು ಅಲುಗುವ ಚರಚರ ಸದ್ದೂ ಬಂತು.

1915ರ ಕ್ರಿಸ್‌ಮಸ್ ಮುನ್ನಾದಿನ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಜೆನ್ಸನ್ ಮತ್ತು ಪ್ರಿಧಮ್ ಎಂಬಿಬ್ಬರು ಬಯಲಿನಲ್ಲಿ ನೆರೆದ ದೊಡ್ಡ ಜನಸಮೂಹಕ್ಕೆ ಹಾರ್ನ್ ಮೂಲಕ ಸಂಗೀತ, ಭಾಷಣ ಕೇಳಿಸಿದರು. ತಮ್ಮ ಯಂತ್ರಕ್ಕೆ ಅವರಿಟ್ಟ ಹೆಸರು ‘ಮ್ಯಾಗ್ನವಾಕ್ಸ್’, ಅಂದರೆ ಮಹಾಧ್ವನಿ. ನಮ್ಮ ಹಳ್ಳಿಯ ಹಾರ್ನ್‌ಗೆ ಇವರನ್ನೇ ಮೂಲಪುರುಷರೆನ್ನಬಹುದು.

ಅದೇ ಹೊತ್ತಿಗೆ ಬೇರೊಂದು ಪ್ರಯೋಗ ಸದ್ದಿಲ್ಲದೆ ನಡೆಯಿತು. 1916ರಲ್ಲಿ ಇ.ಸಿ. ವೆಂಟೆ ಎಂಬ ಎಂಜಿನಿಯರ್ ಕಂಡೆನ್ಸರ್ ಮೈಕನ್ನು ರೂಪಿಸಿದ. ಇದರಲ್ಲಿ ಚರಚರ ಇಲ್ಲ, ಧ್ವನಿ ಕನ್ನಡಿಯಂತೆ ಶುದ್ಧ. ಆದರೆ ಹುಟ್ಟುವ ವಿದ್ಯುತ್ತು ಎಷ್ಟು ದುರ್ಬಲವೆಂದರೆ ಹತ್ತಡಿ ತಂತಿಯಲ್ಲಿ ಹೋಗುವಷ್ಟರಲ್ಲೇ ಸೊರಗುತ್ತಿತ್ತು. ಹಾಗಾಗಿ ಲೀ ಡಿ ಫಾರೆಸ್ಟ್ 1906ರಲ್ಲಿ ಕಂಡುಹಿಡಿದ, ಗಾಜಿನ ಬುರುಡೆಯ ‘ವಾಲ್ವ್’ ಒಂದನ್ನು ಮೈಕಿನ ಬೆನ್ನಿಗೇ ಕಟ್ಟಬೇಕಾಯಿತು. ಮೈಕ್ ನಿಲ್ಲಿಸುವ ಸ್ಟ್ಯಾಂಡಿನಲ್ಲೇ ಆಂಪ್ಲಿಫೈಯರ್! ಪ್ರೀಆಂಪ್ಲಿಫೈಯರ್ ಎಂಬ ಪ್ರತ್ಯೇಕ ವಸ್ತುವಿನ ಹುಟ್ಟು ಇಲ್ಲಿದೆ. ದನಿ ಹುಟ್ಟಿದಲ್ಲೇ ಎತ್ತು, ಆಮೇಲೆ ಕಳಿಸು ಎಂಬ ಸೂತ್ರವೂ ಇಲ್ಲೇ ಸ್ಥಿರವಾಯಿತು.

ಈ ಸೂತ್ರ ಮೈಸೂರು ಸೀಮೆಯವರಿಗೆ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಕಳಿಸಿದಾಗ ಮಾಡಿದ್ದೂ ಅದನ್ನೇ: ಹುಟ್ಟಿದ ಸ್ಥಳದಲ್ಲಿ ವೋಲ್ಟೇಜನ್ನು ಏರಿಸಿ ತಂತಿಗೆ ಬಿಟ್ಟರು.

ಭಾರತದಲ್ಲಿ ಧ್ವನಿವರ್ಧಕವನ್ನು ರಾಜಕೀಯ ಸಭೆಗೆ ತಂದವರಲ್ಲಿ ಮೊದಲು ನೆನೆಯಬೇಕಾದ ಹೆಸರು ‘ಚಿಕಾಗೊ ರೇಡಿಯೊ’. ಹೆಸರು ಅಮೆರಿಕದ್ದಾದರೂ ಕಂಪನಿ ಮೋಟ್ವಾನೆ ಕುಟುಂಬದ್ದು. 1930ರ ದಶಕದಿಂದ ಕಾಂಗ್ರೆಸ್ ಅಧಿವೇಶನಗಳಿಗೆ ನಾನಿಕ್ ಮೋಟ್ವಾನೆ ಧ್ವನಿವರ್ಧಕ ಒದಗಿಸಿದರು. ಗಾಂಧೀಜಿ, ನೆಹರೂ ಅವರ ಹಳೆಯ ಚಿತ್ರಗಳಲ್ಲಿ ಮೈಕಿನ ಮೇಲೆ ‘ಚಿಕಾಗೊ’ ಎಂಬ ಅಕ್ಷರಗಳನ್ನು ಓದುಗರು ಕಂಡಿರಬಹುದು. ಗಾಂಧೀಜಿಯದು ಮೆಲುದನಿ. ಲಕ್ಷ ಜನರ ಸಭೆಯಲ್ಲಿ ಕೂಗದೆ ಮಾತನಾಡುವ ನಾಯಕನೊಬ್ಬ ಸಾಧ್ಯವಾದದ್ದರಲ್ಲಿ ಈ ಪೆಟ್ಟಿಗೆಯ ಪಾಲೂ ಇದೆ.

ನಮ್ಮಲ್ಲಿ ಮೈಕಿನ ಕಥೆ ಎರಡು ವರ್ಷಗಳೊಳಗೆ ಎರಡು ಹೆಜ್ಜೆ ಇಟ್ಟಿತು. 1934ರಲ್ಲಿ ಮೊದಲ ಕನ್ನಡ ವಾಕ್‌ಚಿತ್ರ ‘ಸತಿ ಸುಲೋಚನ’ ತೆರೆ ಕಂಡಿತು. ರಂಗದಲ್ಲಿ ಹಿಂದಿನ ಗೋಡೆಗೆ ಕೇಳುವಂತೆ ಹೇಳಿ ಅಭ್ಯಾಸವಾಗಿದ್ದ ಕಲಾವಿದರು ಈಗ ತಲೆಯ ಮೇಲಿನ ಮೈಕಿಗೆ ಹೇಳಬೇಕಾಯಿತು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ 30 ವಾಟ್ ಶಕ್ತಿಯ ಬಾನುಲಿ ಕೇಂದ್ರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ್ದು ಅಲ್ಲಿ. ಮುಂದೆ ಸಂಸ್ಥಾನ ಅದನ್ನು ವಹಿಸಿಕೊಂಡಿತು. 1955ರ ನವೆಂಬರ್‌ನಲ್ಲಿ ಬೆಂಗಳೂರು ಕೇಂದ್ರ ಕೆಲಸ ಆರಂಭಿಸಿತು. 30 ವಾಟ್ ಎಂದರೆ ಇಂದಿನ ಮದುವೆ ಮನೆಯ ಮೈಕ್ ಸೆಟ್‌ಗಿಂತಲೂ ಕಡಿಮೆ ಎಂದು ನಗಬಾರದು. ಅದು ಹಾರ್ನ್‌ನ ವಾಟ್ ಅಲ್ಲ, ರೇಡಿಯೊ ಅಲೆಯದು.

ಮೈಕ್ ಸೆಟ್‌ನವರು

1940ರಲ್ಲಿ ದೆಹಲಿಯಲ್ಲಿ ಆರಂಭವಾದ ಅಹುಜಾ ಕಂಪನಿಯ ಆಂಪ್ಲಿಫೈಯರ್‌ಗಳು ಕ್ರಮೇಣ ದೇಶದ ಹಳ್ಳಿ ಹಳ್ಳಿಗೂ ಬಂದವು. ನಮ್ಮ ಸೀಮೆಯ ‘ಮೈಕ್ ಸೆಟ್’ ಎಂದರೆ ಬಹುಮಟ್ಟಿಗೆ ಇದೇ ಜಾತಿಯ ಪೆಟ್ಟಿಗೆ. ಇದರ ಜಾಣ್ಮೆಯನ್ನು ಮೆಚ್ಚಲೇಬೇಕು. ಕರೆಂಟು ಹೋದರೆ 12 ವೋಲ್ಟಿನ ಬ್ಯಾಟರಿಯಲ್ಲಿ ನಡೆಯುತ್ತದೆ. ಅಂದರೆ ಟ್ರ್ಯಾಕ್ಟರ್, ಜೀಪು ಇದ್ದಲ್ಲೆಲ್ಲ ಸಭೆ ನಡೆಸಬಹುದು. ಒಂದೇ ಪೆಟ್ಟಿಗೆಯೊಳಗೆ ಎರಡು ಮೆಟ್ಟಿಲು: ಮೊದಲನೆಯದು ಮಿಲಿವೋಲ್ಟನ್ನು ವೋಲ್ಟ್ ಮಾಡುವ ಪ್ರೀಆಂಪ್ಲಿಫೈಯರ್, ಎರಡನೆಯದು ಆ ವೋಲ್ಟನ್ನು ಹಾರ್ನ್ ನಡೆಸುವ ಶಕ್ತಿಯಾಗಿ ಮಾರ್ಪಡಿಸುವ ಭಾಗ. ಹಾರ್ನ್‌ಗೆ ಹೋಗುವ ತಂತಿಯಲ್ಲಿ ವೋಲ್ಟೇಜನ್ನು 100ರವರೆಗೆ ಏರಿಸುವ ವ್ಯವಸ್ಥೆಯೂ ಇತ್ತು. ಇದರಿಂದ ತೆಳು ತಂತಿಯಲ್ಲೇ ತೋಟದಾಚೆಯ ಮರದವರೆಗೂ ಧ್ವನಿ ಸೋರದೆ ಹೋಗುತ್ತಿತ್ತು. ಶಿವನಸಮುದ್ರದ ಪಾಠ ಇಲ್ಲೂ ಅದೇ.

ತೊಂದರೆಯಿದ್ದದ್ದು ಇನ್ನೊಂದು ತುದಿಯಲ್ಲಿ. ಮೈಕಿನಿಂದ ಪೆಟ್ಟಿಗೆಗೆ ಬರುವ ತಂತಿಯಲ್ಲಿ ಇನ್ನೂ ಎತ್ತದ ಮಿಲಿವೋಲ್ಟ್ ಇರುತ್ತದೆ. ಪಕ್ಕದಲ್ಲೇ ಸೀರಿಯಲ್ ಲೈಟಿನ ವಯರು ಹಾದುಹೋದರೆ ಅದರ ‘ಗುಂಯ್’ ಒಳಗೆ ನುಗ್ಗುತ್ತದೆ. ಇದಕ್ಕೆ ಪರಿಹಾರವನ್ನು ಟೆಲಿಫೋನಿನವರು ಆಗಲೇ ಕಂಡಿದ್ದರು. 1881ರಲ್ಲಿ ಬೆಲ್ ಪೇಟೆಂಟ್ ಪಡೆದ ಉಪಾಯ ಅದು: ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆಯುವುದು. ನಮ್ಮಲ್ಲಿ ತೆಂಗಿನ ನಾರಿನ ಎರಡು ಎಳೆಗಳನ್ನು ಹೊಸೆದು ಹುರಿ ಮಾಡುತ್ತಾರಲ್ಲ, ನೋಡಲು ಥೇಟ್ ಹಾಗೆಯೇ. ಹುರಿಯಲ್ಲಿ ಹೊಸೆಯುವುದು ಬಲಕ್ಕಾಗಿ, ತಂತಿಯಲ್ಲಿ ಸಮಾನತೆಗಾಗಿ. ಹೊಸೆದ ಎರಡು ತಂತಿಗಳಿಗೂ ಹೊರಗಿನ ಗದ್ದಲ ಸಮವಾಗಿ ತಾಗುತ್ತದೆ. ಧ್ವನಿ ಮಾತ್ರ ಒಂದರಲ್ಲಿ ನೇರವಾಗಿ, ಇನ್ನೊಂದರಲ್ಲಿ ತಲೆಕೆಳಗಾಗಿ ಹರಿಯುತ್ತದೆ. ಪೆಟ್ಟಿಗೆ ಒಂದರಿಂದ ಇನ್ನೊಂದನ್ನು ಕಳೆದಾಗ ಸಮವಾಗಿದ್ದ ಗದ್ದಲ ಸೊನ್ನೆಯಾಗಿ ಧ್ವನಿ ಇಮ್ಮಡಿಯಾಗಿ ಉಳಿಯುತ್ತದೆ. ಆಕಾಶವಾಣಿಯವರು ಹೊರಾಂಗಣ ಪ್ರಸಾರಕ್ಕೆ ಹೋದಾಗ ವೇದಿಕೆಯ ಬಳಿಯೇ ಧ್ವನಿಯನ್ನು ಎತ್ತಿ, ಇಂಥ ಜೋಡಿ ತಂತಿಯ ಟೆಲಿಫೋನ್ ಮಾರ್ಗದಲ್ಲೇ ಸ್ಟುಡಿಯೋಗೆ ಕಳಿಸುತ್ತಿದ್ದರು.

ಹಳ್ಳಿಯ ಮೈಕ್ ಸೆಟ್‌ನವರಿಗೆ ಆ ಸೌಕರ್ಯವೆಲ್ಲ ಇರಲಿಲ್ಲ. ಆದ್ದರಿಂದ ಅವರು ಪೆಟ್ಟಿಗೆಯನ್ನೇ ವೇದಿಕೆಗೆ ತಂದು ಅದರ ಪಕ್ಕದಲ್ಲೇ ಕೂತರು. ಇದರಿಂದ ಆದ ಉಪಕಾರ ಸಣ್ಣದಲ್ಲ. ಯಾರು ಹಾಡುತ್ತಾರೆ, ಯಾರು ಕೂಗುತ್ತಾರೆ, ಯಾವ ಯಜಮಾನರು ಮೈಕಿನಿಂದ ಮೊಳ ದೂರ ನಿಲ್ಲುತ್ತಾರೆ ಎಂಬುದು ಅವರ ಕಣ್ಣೆದುರೇ ಇರುತ್ತಿತ್ತು. ಕೈ ಗುಂಡಿಯ ಮೇಲೆ, ಕಣ್ಣು ಹಾಡುವವರ ಮುಖದ ಮೇಲೆ. ‘ಹಲೋ, ಮೈಕ್ ಟೆಸ್ಟಿಂಗ್, ಒಂದು, ಎರಡು, ಮೂರು’ ಎಂಬ ಅವರ ಮಂತ್ರವನ್ನು ನಾವು ತಮಾಷೆ ಮಾಡಿದ್ದೇವೆ. ಅದು ಗೇನ್ ಹೊಂದಿಸುವ ಕ್ರಮ. ‘ಮೂರು’ ಎನ್ನುವಾಗ ‘ಕೂ’ ಎಂದು ಕಿರುಚಿದರೆ ಹಾರ್ನ್‌ನ ಧ್ವನಿ ಮತ್ತೆ ಮೈಕಿನೊಳಗೆ ಸುತ್ತುತ್ತಿದೆ ಎಂದರ್ಥ.

ಮುಂದೆ ಆರ್ಕೆಸ್ಟ್ರಾ, ದೊಡ್ಡ ನಾಟಕಗಳು ಬಂದು ಮೈಕುಗಳು ಎರಡರಿಂದ ಇಪ್ಪತ್ತಾದಾಗ ಪೆಟ್ಟಿಗೆಯ ಬದಲು ಮಿಕ್ಸರ್ ಬಂತು. ಜನರಿಗೆ ಹೇಗೆ ಕೇಳುತ್ತದೆಂದು ತಿಳಿಯಲು ಮಿಕ್ಸರ್ ಜನರ ನಡುವೆಯೇ ಇರಬೇಕು. ಹಾಗಾಗಿ ಹೆಬ್ಬಾವಿನಂಥ ದಪ್ಪ ಕೇಬಲ್ಲೊಂದು ವೇದಿಕೆಯಿಂದ ಐವತ್ತು ಅರವತ್ತು ಮೀಟರ್ ದೂರ ಮಲಗಿತು. ಅದರೊಳಗೆ ಇಪ್ಪತ್ತು ಜೋಡಿ ಎಳೆಗಳು, ಪ್ರತಿಯೊಂದರಲ್ಲೂ ಎತ್ತದ ಮಿಲಿವೋಲ್ಟ್. ಎತ್ತಿ ಕಳಿಸುವ ಸೂತ್ರ ತಲೆಕೆಳಗಾಯಿತು: ಈಗ ಕಳಿಸಿ ಎತ್ತುವುದು. ಜನ ತುಳಿದು, ಕುರ್ಚಿ ಕಾಲು ಊರಿ ಒಂದೆಳೆ ಕಡಿದರೆ ಆ ರಾತ್ರಿ ಒಬ್ಬ ಹಾಡುಗಾರನ ದನಿ ಹೋದಂತೆಯೇ.

ಕಂಡೆನ್ಸರ್ ಮೈಕುಗಳಿಗೆ ಈ ಕಾಲದಲ್ಲಿ ಸಿಕ್ಕ ಒಂದು ಅನುಕೂಲವನ್ನು ಇಲ್ಲೇ ಹೇಳಿಬಿಡಬೇಕು. ಅವುಗಳೊಳಗಿನ ಪುಟ್ಟ ಆಂಪ್ಲಿಫೈಯರ್‌ಗೆ ವಿದ್ಯುತ್ತು ಬೇಕಲ್ಲ? 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿ ನಾರ್ವೆಯ ಬಾನುಲಿಗಾಗಿ ಮಾಡಿದ ಮೈಕುಗಳಲ್ಲಿ, ಧ್ವನಿ ಬರುವ ಅದೇ ತಂತಿಯಲ್ಲಿ 48 ವೋಲ್ಟನ್ನು ಹಿಂದಕ್ಕೆ ಕಳಿಸುವ ಕ್ರಮ ಬಂತು. ಅಲ್ಲಿನ ಸ್ಟುಡಿಯೋದಲ್ಲಿ ತುರ್ತು ದೀಪಗಳಿಗಾಗಿ 48 ವೋಲ್ಟ್ ಆಗಲೇ ಇತ್ತಂತೆ, ಅದಕ್ಕೇ ಆ ಅಂಕಿ. ಇಂದಿಗೂ ಜಗತ್ತಿನ ಬಹುತೇಕ ಮಿಕ್ಸರ್‌ಗಳ ಮೇಲೆ ‘48 ವಿ’ ಎಂಬ ಗುಂಡಿ ಇರುವುದಕ್ಕೆ ನಾರ್ವೆಯ ಕತ್ತಲು ಕಾರಣ.

ಮತ್ತೆ ವೇದಿಕೆಗೆ

ಈಗಿನ ಬದಲಾವಣೆ ಏನೆಂದರೆ ಮೊದಲ ಮೆಟ್ಟಿಲು ಪುನಃ ವೇದಿಕೆಗೆ ಮರಳಿದೆ, ಕೂರುವವರು ಮಾತ್ರ ಮರಳಿಲ್ಲ. ವೇದಿಕೆಯ ಅಂಚಿನಲ್ಲಿ ಒಂದು ಪೆಟ್ಟಿಗೆ. ಅದಕ್ಕೆ ‘ಸ್ಟೇಜ್ ಬಾಕ್ಸ್’ ಎನ್ನುತ್ತಾರೆ. ಮೈಕುಗಳೆಲ್ಲ ಮೊಳದುದ್ದದ ತಂತಿಯಲ್ಲಿ ಅದಕ್ಕೆ ಸೇರುತ್ತವೆ. ಅಲ್ಲೇ ಎತ್ತಿ, ಅಲ್ಲೇ ಸೆಕೆಂಡಿಗೆ 48,000 ಸಲ ಅಳೆದು ಅಂಕಿಗಳಾಗಿ ಮಾರ್ಪಡಿಸಿ, ಕಂಪ್ಯೂಟರ್‌ಗಳನ್ನು ಜೋಡಿಸುವ ಅದೇ ಸಾಮಾನ್ಯ ನೆಟ್‌ವರ್ಕ್ ಕೇಬಲ್ಲಿನಲ್ಲಿ ಕಳಿಸುತ್ತದೆ. ಹೆಬ್ಬಾವಿನ ಬದಲು ಕಿರುಬೆರಳಿಗಿಂತ ತೆಳ್ಳಗಿನ ಒಂದು ವಯರು. ಅದರ ಸಿಪ್ಪೆ ಸುಲಿದರೆ ಒಳಗಿರುವುದು ನಾಲ್ಕು ಜೋಡಿ ಹೊಸೆದ ತಂತಿ. 1881ರ ಹುರಿ ಇನ್ನೂ ಬಿಚ್ಚಿಲ್ಲ!

ಈ ಕೇಬಲ್ಲಿನ ಭಾಷೆಗೆ ‘ಈಥರ್‌ನೆಟ್’ ಎಂದು ಹೆಸರು. 1973ರಲ್ಲಿ ರಾಬರ್ಟ್ ಮೆಟ್ಕಾಫ್ ಆ ಹೆಸರಿಡುವಾಗ ನೆನೆದದ್ದು, ಬೆಳಕು ಹರಿಯಲು ಎಲ್ಲೆಡೆ ತುಂಬಿದೆ ಎಂದು 19ನೇ ಶತಮಾನದ ವಿಜ್ಞಾನಿಗಳು ನಂಬಿದ್ದ ‘ಈಥರ್’ ಎಂಬ ಸೂಕ್ಷ್ಮ ದ್ರವ್ಯವನ್ನು. ನಮ್ಮ ತರ್ಕಶಾಸ್ತ್ರದಲ್ಲಿ ಶಬ್ದವನ್ನು ಆಕಾಶದ ಗುಣವೆಂದು ಹೇಳುತ್ತಾರೆ. ಮೈಸೂರಿನ ಬಾನುಲಿಗೆ ಆಕಾಶದ ಹೆಸರು, ಈ ತಂತಿಗೆ ಈಥರಿನ ಹೆಸರು. ಎರಡೂ ಒಂದೇ ಕಲ್ಪನೆಯ ಬಳಿ ಹೋಗಿ ನಿಂತದ್ದು ಕುತೂಹಲಕರ.

ಕಂಪ್ಯೂಟರ್ ಜಾಲದಲ್ಲಿ ಪತ್ರ ಒಂದು ಕ್ಷಣ ತಡವಾದರೆ ನಷ್ಟವಿಲ್ಲ, ಹಾಡು ತಡವಾದರೆ ತಾಳ ತಪ್ಪುತ್ತದೆ. ಹಾಗಾಗಿ ಜಾಲದಲ್ಲಿ ಧ್ವನಿ ಹರಿಸಲು ಬೇರೆ ಕಟ್ಟಳೆ ಬೇಕಾಯಿತು. 1996ರಲ್ಲಿ ‘ಕೋಬ್ರಾನೆಟ್’ ಬಂತು. 2006ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಆರಂಭವಾದ ಆಡಿನೇಟ್ ಕಂಪನಿಯ ‘ದಾಂತೆ’ ಇಂದು ಹೆಚ್ಚು ಬಳಕೆಯಲ್ಲಿದೆ. ಬೇರೆ ಬೇರೆ ಕಂಪನಿಗಳ ಯಂತ್ರಗಳು ಪರಸ್ಪರ ಮಾತನಾಡಲೆಂದು 2013ರಲ್ಲಿ ‘ಎಇಎಸ್ 67’ ಎಂಬ ಸಾಮಾನ್ಯ ಕಟ್ಟಳೆ ರೂಪುಗೊಂಡಿತು.

ಇದನ್ನು ಹೂಡುವ ಕ್ರಮ ಕೇಳಿದಷ್ಟು ಜಟಿಲವಲ್ಲ. ಪೆಟ್ಟಿಗೆ, ಮಿಕ್ಸರ್, ಧ್ವನಿಮುದ್ರಣದ ಕಂಪ್ಯೂಟರ್ ಮೂರನ್ನೂ ಒಂದು ನೆಟ್‌ವರ್ಕ್ ಸ್ವಿಚ್‌ಗೆ ಜೋಡಿಸಬೇಕು. ತಾಮ್ರದ ಕೇಬಲ್ಲಿಗೆ 100 ಮೀಟರ್ ಮಿತಿ. ಅದಕ್ಕಿಂತ ದೂರವಾದರೆ ಬೆಳಕಿನ ಎಳೆ, ಅಂದರೆ ಫೈಬರ್ ಬೇಕು. ಸ್ವಿಚ್‌ನಲ್ಲಿ ವಿದ್ಯುತ್ ಉಳಿತಾಯದ ಸೌಲಭ್ಯವಿದ್ದರೆ ಅದನ್ನು ಆರಿಸಿಡುವುದು ಒಳ್ಳೆಯದು. ಅದು ನಡುನಡುವೆ ತೂಕಡಿಸಿ ಧ್ವನಿಯನ್ನು ಕತ್ತರಿಸುತ್ತದೆ. ಜಾಲದಲ್ಲಿರುವ ಎಲ್ಲ ಯಂತ್ರಗಳಿಗೂ ಒಂದೇ ಗಡಿಯಾರ. ಯಾವುದೋ ಒಂದು ಯಂತ್ರ ತಾಳ ಹಾಕುತ್ತದೆ, ಉಳಿದವು ಅದನ್ನು ಅನುಸರಿಸುತ್ತವೆ. ಎಲ್ಲವೂ 48,000ದ ಲೆಕ್ಕದಲ್ಲೇ ಇವೆಯೇ ಎಂದು ನೋಡಿಕೊಳ್ಳಬೇಕು. ಆಮೇಲೆ ಕಂಪ್ಯೂಟರಿನ ಪರದೆಯಲ್ಲಿ ಒಂದು ಚೌಕುಳಿ ತೆರೆದುಕೊಳ್ಳುತ್ತದೆ. ಮೇಲ್ಗಡೆ ಧ್ವನಿ ಕೊಡುವವರು, ಎಡಗಡೆ ಪಡೆಯುವವರು. ಎರಡೂ ಸೇರುವ ಮನೆಯಲ್ಲಿ ಒಂದು ಗುರುತು ಹಾಕಿದರೆ ದಾರಿ ತೆರೆಯಿತು. ಹಿಂದೆ ವಯರು ಕಿತ್ತು ಸಿಕ್ಕಿಸುವ ಕೆಲಸವಿದು. ‘1, 2, 3’ ಎಂದು ಬಿಡದೆ ‘ಭಾಗವತ’, ‘ಮದ್ದಳೆ’ ಎಂದು ಹೆಸರು ಬರೆದಿಟ್ಟರೆ ರಾತ್ರಿಯ ಗಡಿಬಿಡಿ ಉಳಿಯುತ್ತದೆ.

ಇಷ್ಟು ಯಾರಾದರೂ ಕಲಿಯಬಹುದು. ಗೇನ್‌ ಕೂರಿಸುವುದೇ ಕಸುಬು. ಅಂಕಿಯ ಲೋಕದಲ್ಲಿ ‘ಸೊನ್ನೆ’ ಎಂಬುದು ಸೂರು. ಧ್ವನಿ ಅದಕ್ಕೆ ತಾಗಿದರೆ ತಲೆ ಚಪ್ಪಟೆಯಾಗಿ ಕರ್ಕಶವಾಗುತ್ತದೆ, ಮತ್ತೆ ಸರಿಪಡಿಸಲಾಗದು. ಹಾಗಾಗಿ ಸಾಮಾನ್ಯ ದನಿ ಸೊನ್ನೆಗಿಂತ ಸುಮಾರು 18 ಡೆಸಿಬಲ್ ಕೆಳಗಿರುವಂತೆ ಹೊಂದಿಸಿ, ಆವೇಶದ ಕೂಗಿಗೆ ಮೇಲೆ ಜಾಗ ಬಿಡುತ್ತಾರೆ. ಪರೀಕ್ಷೆಗೆ ‘ಹಲೋ ಹಲೋ’ ಸಾಲದು. ಹಾಡುಗಾರ ಏರುಪದವನ್ನೇ ಹಾಡಿ ತೋರಿಸಬೇಕು. 48 ವೋಲ್ಟ್ ಗುಂಡಿಯನ್ನು ಬೇಕಾದ ಮೈಕಿಗಷ್ಟೇ, ಅದೂ ಧ್ವನಿ ಮುಚ್ಚಿದ ಮೇಲೆ ಒತ್ತಬೇಕು. ಇಲ್ಲವಾದರೆ ಪಟಾಕಿ ಸಿಡಿದಂತೆ ‘ಢಬ್’ ಎನ್ನುತ್ತದೆ.

ಕೀಲಿ ಯಾರ ಕೈಯಲ್ಲಿ?

ಈ ವ್ಯವಸ್ಥೆಯಲ್ಲಿ ಒಂದೇ ಪ್ರೀಆಂಪ್ಲಿಫೈಯರ್‌ನಿಂದ ಬಂದ ಧ್ವನಿಯನ್ನು ಹಲವರು ಹಂಚಿಕೊಳ್ಳುತ್ತಾರೆ. ಜನರಿಗೆ ಕೇಳಿಸುವವರೊಬ್ಬರು, ಕಲಾವಿದರಿಗೆ ಕೇಳಿಸುವವರೊಬ್ಬರು, ಮುದ್ರಿಸಿಕೊಳ್ಳುವವರು ಮತ್ತೊಬ್ಬರು. ಒಬ್ಬರು ಗೇನ್ ತಿರುಗಿಸಿದರೆ ಉಳಿದಿಬ್ಬರ ಧ್ವನಿಯೂ ಏರುಪೇರಾಗುತ್ತದೆ. ಆದ್ದರಿಂದ ಗೇನ್ ಒಬ್ಬರ ಕೈಯಲ್ಲಿ ಮಾತ್ರ ಇರಬೇಕು, ಉಳಿದವರು ತಮ್ಮ ಪಾಲನ್ನು ಅಂಕಿಯಲ್ಲಿ ಸರಿದೂಗಿಸಿಕೊಳ್ಳಬೇಕು ಎಂಬ ಒಪ್ಪಂದ ಮಾಡಿಕೊಳ್ಳುತ್ತಾರೆ. ಆ ಒಬ್ಬರು ಈಗ ವೇದಿಕೆಯಿಂದ ನೂರು ಮೀಟರ್ ದೂರದಲ್ಲಿ ಪರದೆ ನೋಡುತ್ತಾ ಕೂತಿರುತ್ತಾರೆ. ಅವರಿಗೆ ಕಾಣುವುದು ಹಸಿರು ಪಟ್ಟಿ, ಮುಖವಲ್ಲ.

ಇದರ ಪರಿಣಾಮ ಯಾರ ಮೇಲೆ? ಭಾಷಣ ಮಾಡಿ ಪಳಗಿದವರ ಮೇಲಲ್ಲ. ಅವರು ಮೈಕನ್ನು ಹೇಗೆ ಹಿಡಿಯಬೇಕೆಂದು ಬಲ್ಲರು. ಸೋಬಾನೆ ಹೇಳುವ ಹೆಣ್ಣುಮಕ್ಕಳನ್ನು ನೋಡಿ. ನಾಲ್ಕೈದು ಜನ ಒಂದು ಮೈಕಿನ ಸುತ್ತ ಸಂಕೋಚದಿಂದ ಒಂದು ಮಾರು ದೂರ ನಿಲ್ಲುತ್ತಾರೆ. ದೂರ ಇಮ್ಮಡಿಯಾದರೆ ಧ್ವನಿಯ ಒತ್ತಡ ಅರ್ಧವಾಗುತ್ತದೆ. ಬಾಯಿಂದ 10 ಸೆಂಟಿಮೀಟರಿನಲ್ಲಿರಬೇಕಾದ ಮೈಕ್ 80 ಸೆಂಟಿಮೀಟರಿಗೆ ಹೋದರೆ ಉಳಿಯುವುದು ಎಂಟರಲ್ಲಿ ಒಂದು ಪಾಲು. ಮುಖ್ಯ ಅತಿಥಿಗಳ ಭಾಷಣಕ್ಕೆ ಹೊಂದಿಸಿದ ಗೇನನ್ನು ಹಾಗೆಯೇ ಬಿಟ್ಟರೆ ಹಾಡು ಹೊರಗೆ ಬರುವುದೇ ಇಲ್ಲ. ಜನ ‘ಅವರಿಗೆ ದನಿಯಿಲ್ಲ’ ಎಂದು ಎದ್ದುಹೋಗುತ್ತಾರೆ. ಗಂಟಲಿನ ಹಳೆಯ ಪರೀಕ್ಷೆ ಹೀಗೆ ಹಿಂಬಾಗಿಲಿನಿಂದ ಮತ್ತೆ ಒಳಬರುತ್ತದೆ.

ಸಭೆಯಲ್ಲಿ ಕೇಳದಿದ್ದರೆ ಆ ರಾತ್ರಿಗೆ ಮುಗಿಯಿತು. ಧ್ವನಿಮುದ್ರಣದಲ್ಲಿ ಹೋದರೆ ಶಾಶ್ವತವಾಗಿ ಹೋಯಿತು. ಎಚ್.ಎಲ್. ನಾಗೇಗೌಡರು ಹಳ್ಳಿ ಹಳ್ಳಿ ಸುತ್ತಿ ಜನಪದ ಹಾಡುಗಳನ್ನು ಟೇಪಿಗೆ ಹಿಡಿದರು. ರಾಮನಗರದ ಬಳಿ ಅವರು ಕಟ್ಟಿದ ಜಾನಪದ ಲೋಕದಲ್ಲಿ ಅಂಥ ಸಂಗ್ರಹ ಇದೆ. ಯಾವುದೇ ಕ್ಷೇತ್ರಕಾರ್ಯದ ಟೇಪಿಗೂ ಒಂದು ಮಿತಿಯಿದೆ. ಹಾಡುವ ಅಜ್ಜಿಯ ದನಿ ಕುಗ್ಗಿದಾಗ ಮೊದಲ ಮೆಟ್ಟಿಲು ಸಾಕಷ್ಟು ಎತ್ತದಿದ್ದರೆ ಹಾಡಿನ ಮೇಲೆ ‘ಸುಯ್’ ಎಂಬ ಸದ್ದು ಕವಿಯುತ್ತದೆ. ಆ ಅಜ್ಜಿಯನ್ನು ಮತ್ತೆ ಹಾಡಿಸಲು ಬರುವುದಿಲ್ಲ. ಇಂದು 24 ಬಿಟ್ ಅಂಕಿಗಳಲ್ಲಿ ಮುದ್ರಿಸುವಾಗ ಟೇಪಿನ ಆ ಗೊರಗೊರ ಇಲ್ಲ, ತಗ್ಗು ದನಿಗೂ ಬೇಕಾದಷ್ಟು ಜಾಗವಿದೆ. ಇದೇ ಈ ಹೊಸ ಪೆಟ್ಟಿಗೆಯ ನಿಜವಾದ ಲಾಭ ಎಂದು ನಮಗನ್ನಿಸುತ್ತದೆ. ಜಾತ್ರೆಯ ಅಬ್ಬರ ಹೆಚ್ಚಿಸುವುದಕ್ಕೆ ಹಳೆಯ ಸೆಟ್ಟೇ ಸಾಕಾಗಿತ್ತು. ಕಾರ್ಯಕ್ರಮ ನಡೆಯುವಾಗಲೇ ಮತ್ತೊಂದು ಮೈಕ್ ಇಡದೆ, ಹಾಡುವವರಿಗೆ ತೊಂದರೆಯಾಗದೆ, ಪ್ರತಿ ದನಿಯನ್ನೂ ಬೇರೆ ಬೇರೆಯಾಗಿ ಉಳಿಸಿಕೊಳ್ಳಬಹುದು. ಮೂಡಲಪಾಯದ ಭಾಗವತರ ಸಂಖ್ಯೆ ಕುಗ್ಗುತ್ತಿರುವ ಹೊತ್ತಿನಲ್ಲಿ ಇದು ತುರ್ತಿನ ಕೆಲಸ.

ಅಬ್ಬರದ ಮಾತು ಬಂದದ್ದರಿಂದ ಕಾನೂನನ್ನೂ ಹೇಳಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ನಿಷಿದ್ಧ. ವರ್ಷಕ್ಕೆ 15 ದಿನ ಮೀರದಂತೆ, ಹಬ್ಬ ಉತ್ಸವಗಳಿಗೆ ಮಧ್ಯರಾತ್ರಿ 12ರವರೆಗೆ ರಾಜ್ಯ ಸರ್ಕಾರ ರಿಯಾಯಿತಿ ಕೊಡಬಹುದು. 2005ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ರೋಗಿಗಳು, ಪರೀಕ್ಷೆಗೆ ಓದುವ ಮಕ್ಕಳು ಇರುವ ಊರಿನಲ್ಲಿ ಇದು ನ್ಯಾಯವೇ. ಆದರೆ ಬೆಳ್ಳಿ ಮೂಡುವವರೆಗೆ ನಡೆಯುವ ಆಟಕ್ಕೆ ಇದು ನೇರ ಪೆಟ್ಟು. ಹಾರ್ನ್‌ಗಳ ಬದಲು ಸಣ್ಣ ಸಣ್ಣ ಬಾಕ್ಸುಗಳನ್ನು ಕೂತ ಜನರ ನಡುವೆಯೇ ಇಟ್ಟು, ತಗ್ಗು ದನಿಯಲ್ಲಿ ಕೇಳಿಸುವುದು ಒಂದು ದಾರಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ 34 ಮೀಟರ್ ಹಿಂದಿನ ಬಾಕ್ಸನ್ನು ಸೆಕೆಂಡಿನ ಹತ್ತರಲ್ಲೊಂದು ಭಾಗ ತಡಮಾಡಿ ನುಡಿಸಬೇಕು, ಇಲ್ಲವಾದರೆ ಮಾತು ಎರಡೆರಡು ಸಲ ಕೇಳುತ್ತದೆ. ಅಂಕಿಯ ಜಾಲದಲ್ಲಿ ಇದು ಒಂದು ಸಂಖ್ಯೆ ಬರೆದಷ್ಟೇ ಸುಲಭ. ಇದರಿಂದ ಗಂಟೆಯ ಮಿತಿಯೇನೂ ಹೋಗದು, ಆದರೆ ಹತ್ತು ಗಂಟೆಯೊಳಗಿನ ಆಟವಾದರೂ ಪಕ್ಕದೂರಿಗೆ ಕಾಟವಾಗದೆ ನಡೆಯುತ್ತದೆ.

ಬಾಡಿಗೆಗೆ ಕೊಡುವವರು ಈಗ ಡಿಜಿಟಲ್ ಮಿಕ್ಸರ್‌ಗಳತ್ತ ಹೊರಳುತ್ತಿದ್ದಾರೆ. ಅವುಗಳಲ್ಲಿ ಹಲವನ್ನು ಟ್ಯಾಬ್ಲೆಟ್‌ನಿಂದಲೂ ನಡೆಸಬಹುದು. ಗೇನ್‌ನ ಕೀಲಿ ಹಿಡಿದವರು ಆ ಟ್ಯಾಬ್ಲೆಟ್ಟನ್ನು ಕೈಯಲ್ಲಿ ಹಿಡಿದು ಕಾರ್ಯಕ್ರಮದ ಮೊದಲ ಐದು ನಿಮಿಷ ವೇದಿಕೆಯ ಪಕ್ಕದ ಹಳೆಯ ಬೆಂಚಿಗೆ ಬಂದು ಕೂರಬಹುದು. ಸೋಬಾನೆಯವರು ಬಂದು ನಿಂತಾಗ ಮೈಕನ್ನು ಒಂದು ಗೇಣು ಹತ್ತಿರ ಸರಿಸಿ, ಒಂದು ಪದ ಹಾಡಿಸಿ, ಪಟ್ಟಿ ಎಲ್ಲಿಗೆ ಏರುತ್ತದೆಂದು ನೋಡಿ ಮೇಲೆತ್ತಿದರೆ ಆಯಿತು. ಅದಕ್ಕೆ ಬೇಕಾದ ಗುಂಡಿ ಎಲ್ಲ ಪೆಟ್ಟಿಗೆಗಳಲ್ಲೂ ಇದೆ.